ವಿಕಲಚೇತನ ಮಕ್ಕಳ ಸೇವೆ: ಇಲಾಖೆಗಳು ಹಲವು, ಹೊಣೆಗಾರರು ಯಾರು?

ಕರ್ನಾಟಕದ ಒಂದು ಹಳ್ಳಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವ ಮಗು ಹುಟ್ಟಿತು ಎನ್ನಿ. ಅದರ ತೂಕ, ಲಸಿಕೆ, ಚಿಕಿತ್ಸೆ ಆರೋಗ್ಯ ಇಲಾಖೆಯ ಪಾಲು. ಅಂಗನವಾಡಿಯ ಪೌಷ್ಟಿಕ ಆಹಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಆರು ತುಂಬಿದರೆ ಶಿಕ್ಷಣ ಇಲಾಖೆಗೆ ಸೇರಿತು. ಗಾಲಿಕುರ್ಚಿ ಬೇಕೆಂದರೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಅರ್ಜಿ ಹಾಕಬೇಕು. ಮಾಸಾಶನಕ್ಕೆ ನಾಡಕಚೇರಿ, ಅಂದರೆ ಕಂದಾಯ ಇಲಾಖೆ. ಬಸ್ ಪಾಸಿಗೆ ಸಾರಿಗೆ ನಿಗಮ. ಇವಲ್ಲದೆ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದೇ ಮೀಸಲಿಡಬೇಕಾದ ಶೇ 5ರ ಹಣವಿದೆ. ಇಷ್ಟು ಬಾಗಿಲುಗಳು ತೆರೆದಿರುವುದು ಸಣ್ಣ ಸಂಗತಿಯಲ್ಲ. ಒಂದು ತಲೆಮಾರಿನ ಹಿಂದೆ ಇವುಗಳಲ್ಲಿ ಹೆಚ್ಚಿನವು ಇರಲೇ ಇಲ್ಲ. ಆದರೆ ಒಂದು ಬಾಗಿಲಲ್ಲಿ ಏನಾಯಿತೆಂಬುದು ಇನ್ನೊಂದು ಬಾಗಿಲಿನವರಿಗೆ ತಿಳಿಯುವುದಿಲ್ಲ. ಎಲ್ಲವೂ ಗೊತ್ತಿರುವುದು ತಾಯಿಯೊಬ್ಬಳಿಗೆ.

ಆ ತಾಯಿಯ ಕೈಯಲ್ಲೊಂದು ಚೀಲ ಇರುತ್ತದೆ. ಯಾವುದೇ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದ ಎದುರು ಸ್ವಲ್ಪ ಹೊತ್ತು ಕೂತರೆ ಅಂಥ ನಾಲ್ಕಾರು ಚೀಲ ಕಣ್ಣಿಗೆ ಬೀಳುತ್ತವೆ. ಬಟ್ಟೆ ಅಂಗಡಿಯ ಕವರು. ಒಳಗೆ ಅಂಚು ಹರಿದ ತಾಯಿ ಕಾರ್ಡ್, ಎನ್‌ಐಸಿಯುನಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಸಮರಿ, ಮಡಿಸಬಾರದಿದ್ದರೂ ಮಡಿಸಿಟ್ಟ ಎಂಆರ್‌ಐ ಫಿಲ್ಮು, ಇಇಜಿ ವರದಿ, ಬೇರೆ ಬೇರೆ ಆಸ್ಪತ್ರೆಗಳ ಒಪಿಡಿ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಹೊಸ ಡಾಕ್ಟರ ಮುಂದೆ ಕೂತಾಗಲೆಲ್ಲ ಆಕೆ ಮೊದಲಿನಿಂದ ಹೇಳಬೇಕು: ಹೆರಿಗೆ ಎಲ್ಲಾಯಿತು, ಹುಟ್ಟಿದ ಕೂಡಲೇ ಮಗು ಅತ್ತಿತೇ, ಕತ್ತು ಯಾವಾಗ ನಿಂತಿತು, ಫಿಟ್ಸ್ ಮೊದಲ ಸಲ ಬಂದದ್ದು ಯಾವಾಗ. ಈ ಮಕ್ಕಳಿಗಾಗಿ ಇರುವ ಸೇವೆಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ವ್ಯವಸ್ಥೆ ಸದ್ಯಕ್ಕೆ ಆ ಚೀಲದೊಳಗಿದೆ.

ಯೋಜನೆಗಳು ಸಾಲವು, ಹಣ ಸಾಲದು, ತಜ್ಞರು ಸಾಲರು ಎಂಬ ದೂರುಗಳೆಲ್ಲ ನಿಜ. ಆದರೆ ಇರುವ ಸೇವೆಯೇ ಮಗುವನ್ನು ಮುಟ್ಟದಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಬೇರೆ. ಪ್ರತಿಯೊಬ್ಬ ನೌಕರನಿಗೂ ಒಂದು ಕೆಲಸ ಇದೆ, ಒಂದು ರಿಜಿಸ್ಟರ್ ಇದೆ, ಒಂದು ಗುರಿ ಇದೆ. ಈ ಮಗುವಿಗೆ ಮುಂದೇನು ಎಂದು ಕೇಳುವುದು ಮಾತ್ರ ಯಾರ ಕೆಲಸವೂ ಆಗಿಲ್ಲ.

ಎಣಿಕೆಗೆ ಸಿಗದವರು

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ದೇಶದಲ್ಲಿ ಆರು ವರ್ಷದೊಳಗಿನವರೇ 20.42 ಲಕ್ಷ. 5ರಿಂದ 19 ವರ್ಷದ ವಿಕಲಚೇತನರಲ್ಲಿ ಶಾಲೆ-ಕಾಲೇಜಿಗೆ ಹೋಗುತ್ತಿದ್ದವರು ಶೇ 61 ಮಾತ್ರ. ಈ ಅಂಕಿಗಳು ಹಳೆಯವು ಎನ್ನುವುದಕ್ಕಿಂತಲೂ ಸಣ್ಣ ಮಕ್ಕಳ ವಿಷಯದಲ್ಲಿ ಅಪೂರ್ಣ ಎನ್ನುವುದು ಮುಖ್ಯ. ಮನೆಬಾಗಿಲಿಗೆ ಬಂದ ಗಣತಿದಾರರಿಗೆ ಎರಡು ವರ್ಷದ ಮಗುವಿಗೆ ಕಿವಿ ಕೇಳಿಸದೆಂದು ಹೇಳಬೇಕಾದರೆ ಮನೆಯವರಿಗೆ ಅದು ತಿಳಿದಿರಬೇಕಲ್ಲ?

ಪರೀಕ್ಷೆ ಮಾಡಿ ಎಣಿಸಿದಾಗ ಚಿತ್ರವೇ ಬದಲಾಗುತ್ತದೆ. ದೇಶದ ಐದು ಪ್ರದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಸಂಸ್ಥೆಯ ಅಧ್ಯಯನ ಮಕ್ಕಳ ನರಸಂಬಂಧಿ ಬೆಳವಣಿಗೆಯ ತೊಂದರೆಗಳನ್ನು ಅಳೆಯಿತು. ದೃಷ್ಟಿ, ಶ್ರವಣ, ಮೂರ್ಛೆರೋಗ, ಆಟಿಸಂ, ಕಲಿಕಾ ನ್ಯೂನತೆ ಎಲ್ಲವೂ ಸೇರಿ 2ರಿಂದ 6 ವರ್ಷದವರಲ್ಲಿ ಶೇ 9.2, 6ರಿಂದ 9 ವರ್ಷದವರಲ್ಲಿ ಶೇ 13.6 ಮಕ್ಕಳಿಗೆ ಒಂದಲ್ಲ ಒಂದು ತೊಂದರೆ ಇತ್ತು. ಅವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಒಂದಕ್ಕಿಂತ ಹೆಚ್ಚು. ನನ್ನ ಗಮನ ಈ ಕೊನೆಯ ಮಾತಿನ ಮೇಲೆ. ಉದಾಹರಣೆಗೆ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಥೈರಾಯ್ಡ್ ಪರೀಕ್ಷೆ ಆಗಾಗ ಆಗಬೇಕು. ಕಿವಿ, ಕಣ್ಣು ನೋಡಿಸಬೇಕು. ಮಾತಿಗೆ ಸ್ಪೀಚ್ ಥೆರಪಿ, ನಡಿಗೆಗೆ ಫಿಸಿಯೋಥೆರಪಿ ಬೇಕು. ಇಂಥ ಮಗುವಿಗೆ ಒಬ್ಬ ವೈದ್ಯರು, ಒಂದು ಇಲಾಖೆ ಎಂದೂ ಸಾಕಾಗದು. 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಆದವು. ಪಟ್ಟಿ ಉದ್ದವಾದಷ್ಟೂ ಸೇವೆಗಳನ್ನು ಹೊಂದಿಸುವ ಕೆಲಸವೂ ಬೆಳೆಯಿತು. ಆ ಕೆಲಸಕ್ಕೆ ಹುದ್ದೆ ಸೃಷ್ಟಿಯಾಗಲಿಲ್ಲ.

ಗುರುತಿಸುವವರಿದ್ದಾರೆ, ಬೆನ್ನು ಹತ್ತುವವರಿಲ್ಲ

ಮಗುವಿನ ತೊಂದರೆಯನ್ನು ಬೇಗ ಗುರುತಿಸಲು ನಮ್ಮಲ್ಲಿ ಏರ್ಪಾಡುಗಳಿಗೆ ಬರವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ 6 ಸಲ ಮನೆಗೆ ಬರಬೇಕು. ಬಳಿಕ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮತ್ತೆ ಬರಬೇಕು. ಕತ್ತು ನಿಲ್ಲುವುದು, ಕೂರುವುದು, ಶಬ್ದಕ್ಕೆ ತಿರುಗುವುದು ಯಾವ ತಿಂಗಳಲ್ಲಿ ಆಗಬೇಕೆಂದು ತಾಯಿ ಕಾರ್ಡಿನಲ್ಲೇ ಚಿತ್ರಸಹಿತ ಇದೆ. 2013ರ ಫೆಬ್ರುವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬೇಕು. ಆ ಕೇಂದ್ರದಲ್ಲಿ ಮಕ್ಕಳ ತಜ್ಞರಿಂದ ಹಿಡಿದು ಥೆರಪಿಸ್ಟ್, ಮನಃಶಾಸ್ತ್ರಜ್ಞರವರೆಗೆ ಎಲ್ಲರೂ ಒಂದೇ ಸೂರಿನಡಿ ಸಿಗಬೇಕೆಂಬುದು ಮೂಲ ಕಲ್ಪನೆ. ಕಲ್ಪನೆ ಬಹಳ ಒಳ್ಳೆಯದು. ಹುದ್ದೆಗಳು ತುಂಬಿದ ಕಡೆ ಕೆಲಸವೂ ಒಳ್ಳೆಯದಾಗಿದೆ.

ಎಡವುವುದು ಎಲ್ಲಿ? ರೆಫರಲ್ ಚೀಟಿ ಕೊಟ್ಟಲ್ಲಿಗೆ ತಂಡದ ಲೆಕ್ಕ ಮುಗಿಯುತ್ತದೆ. ಮಗು ಜಿಲ್ಲಾ ಕೇಂದ್ರ ತಲುಪಿತೇ, ತಲುಪಿದ ದಿನ ಥೆರಪಿಸ್ಟ್ ಇದ್ದರೇ, ಎರಡನೇ ಸಲ ಬಂತೇ ಎಂದು ವಿಚಾರಿಸುವವರಿಲ್ಲ. ಇತ್ತ ಮನೆಯಲ್ಲಿ ಅಜ್ಜಿಯ ಸಮಾಧಾನ ಸಿದ್ಧವಿರುತ್ತದೆ: “ಗಂಡು ಹುಡುಗ, ಮಾತು ತಡ. ಅವರಪ್ಪನೂ ಹಿಂಗೇ ಇದ್ದ, ಮೂರು ವರ್ಷಕ್ಕೆ ಮಾತಾಡಿದ.” ಅಜ್ಜಿಯನ್ನು ದೂರಿ ಫಲವಿಲ್ಲ. ಆಕೆ ಕಂಡ ಮಕ್ಕಳಲ್ಲಿ ಹೆಚ್ಚಿನವರ ವಿಷಯದಲ್ಲಿ ಆ ಮಾತು ನಿಜವಾಗಿತ್ತು. ಆದರೆ ಕಿವಿ ಕೇಳದ ಮಗುವಿಗೆ ಸಮಯ ಕಾಯುವುದಿಲ್ಲ. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪತ್ತೆ, 6 ತಿಂಗಳೊಳಗೆ ಶ್ರವಣ ಸಾಧನ ಅಥವಾ ಚಿಕಿತ್ಸೆ ಎಂಬುದು ಈ ಕ್ಷೇತ್ರದಲ್ಲಿ ಜಗತ್ತೇ ಒಪ್ಪಿರುವ ಸೂತ್ರ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಸರ್ಕಾರಿ ನೆರವೂ ಇದೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ್ದು; ಅದಾದ ಮೇಲೆ ಕೇಳುವುದನ್ನೂ ಮಾತಾಡುವುದನ್ನೂ ಕಲಿಸುವ ಥೆರಪಿ ವರ್ಷಗಟ್ಟಲೆ ನಡೆಯಬೇಕು. ಊರಿನ ಹತ್ತಿರ ಥೆರಪಿ ಸಿಗದಿದ್ದರೆ ಲಕ್ಷಾಂತರ ರೂಪಾಯಿಯ ಸಾಧನ ಕಿವಿಯ ಹಿಂದೆ ಸುಮ್ಮನೆ ಕೂರುತ್ತದೆ.

ಈ ಸರಪಳಿ ಕಡಿಯದಂತೆ ನಡೆದ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಎಂಬ ಕಾಯಿಲೆಯನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಿ ಕಂಡುಹಿಡಿಯಬೇಕು. ತಡವಾದರೆ ಮಗು ಜೀವನಪೂರ್ತಿ ಕುರುಡಾಗಬಹುದು. ಇದನ್ನು ಬಲ್ಲ ತಜ್ಞರು ಬೆರಳೆಣಿಕೆಯಷ್ಟು, ಅವರೂ ನಗರಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್ರಾಪ್’ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ-ತಾಲ್ಲೂಕುಗಳ ಶಿಶು ಘಟಕಗಳಿಗೇ ಹೋದರು. ತೆಗೆದ ಚಿತ್ರ ಇಂಟರ್‌ನೆಟ್ ಮೂಲಕ ತಜ್ಞರಿಗೆ ತಲುಪಿತು. ಲೇಸರ್ ಬೇಕಾದ ಮಗುವಿಗೆ ಅಲ್ಲೇ ಸಮೀಪದಲ್ಲಿ ಚಿಕಿತ್ಸೆ ಸಿಕ್ಕಿತು. ತಂತ್ರಜ್ಞಾನದ ಕತೆಯಾಗಿ ಇದನ್ನು ಹೇಳುವವರು ಹೆಚ್ಚು. ನನಗೆ ಕಾಣುವ ಗುಟ್ಟು ಇಷ್ಟೇ: ಇಲ್ಲಿ ತಾಯಿಯ ಕೈಗೆ ಚೀಟಿ ಕೊಟ್ಟು ಬೆಂಗಳೂರಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಮಗುವಿನ ಮುಂದಿನ ತಪಾಸಣೆಯ ಹೊಣೆ ತಪಾಸಣೆ ಮಾಡಿದವರ ಮೇಲೇ ಉಳಿಯಿತು.

ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಯಲ್ಲಿ ಒಂದು ಸಲದ ಚಿಕಿತ್ಸೆ ಎಂಬುದೇ ಇಲ್ಲ. ವಾರಕ್ಕೆರಡು ಸಲ ಜಿಲ್ಲಾ ಕೇಂದ್ರಕ್ಕೆ ಬಂದು ಥೆರಪಿ ಮಾಡಿಸಿಕೊಳ್ಳಿ ಎನ್ನುವುದು ಕೂಲಿ ಮಾಡುವ ಮನೆಗೆ ಹೇಳುವ ಮಾತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸು ಉಚಿತವಾಯಿತು. ಇದರಿಂದ ಎಷ್ಟೋ ಮಕ್ಕಳ ಚಿಕಿತ್ಸೆ ಮುಂದುವರಿಯಿತೆಂದು ನಾನು ನಂಬುತ್ತೇನೆ. ಆದರೂ ಆ ದಿನದ ಕೂಲಿ ಹೋಯಿತು, ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡುವವರಿಲ್ಲ. ಆದ್ದರಿಂದ ಥೆರಪಿಯ ದೊಡ್ಡ ಪಾಲು ಮನೆಯಲ್ಲೇ ಆಗಬೇಕು, ಅದನ್ನು ಮನೆಯವರಿಗೆ ಕಲಿಸುವವರು ಮನೆಗೇ ಬರಬೇಕು. ಕಲಿಸಬೇಕಾದದ್ದು ಕಷ್ಟದ್ದೂ ಅಲ್ಲ. ಕಾಲು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಬರುವ ಮಗುವನ್ನು ಸೊಂಟದ ಮೇಲೆ ಎರಡೂ ಕಾಲು ಅಗಲಿಸಿ ಎತ್ತಿಕೊಳ್ಳುವುದು ಒಳ್ಳೆಯದು. ನಮ್ಮ ಹೆಂಗಸರು ಮಕ್ಕಳನ್ನು ಎತ್ತಿಕೊಳ್ಳುವ ರೂಢಿಯೇ ಅದು. ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಹುಯ್ಯುವ ರೂಢಿ ಮಾತ್ರ ಈ ಮಕ್ಕಳಿಗೆ ಅಪಾಯ. ನುಂಗುವ ಹಿಡಿತವಿಲ್ಲದ ಮಗುವಿನ ಶ್ವಾಸಕೋಶಕ್ಕೆ ಹಾಲು ಇಳಿದು ನ್ಯುಮೋನಿಯಾ ಆಗುತ್ತದೆ.

ಇಲಾಖೆಗಳ ನಡುವಿನ ಬಿರುಕು ಹೇಗೆ ಮಗುವಿನ ಜೀವಕ್ಕೇ ಬರುತ್ತದೆಂಬುದಕ್ಕೆ ಊಟದ ವಿಷಯವೇ ಸಾಕು. ಸೆರೆಬ್ರಲ್ ಪಾಲ್ಸಿ ಇರುವ ಮೂರು ವರ್ಷದ ಮಗುವಿನ ತೂಕ ತೀರ ಕಡಿಮೆ ಇದೆಯೆಂದು ಅಂಗನವಾಡಿಯವರು ಗುರುತಿಸುತ್ತಾರೆ. ಮಗು ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರುತ್ತದೆ, ಎರಡು ವಾರದಲ್ಲಿ ತೂಕ ಏರುತ್ತದೆ, ಕಡತ ಮುಗಿಯುತ್ತದೆ. ಊರಿಗೆ ಮರಳಿದ ಮೇಲೆ ತೂಕ ಮತ್ತೆ ಇಳಿಯುತ್ತದೆ. ತೊಂದರೆ ಮನೆಯ ಊಟದ ಕೊರತೆಯದಾಗಿರಲಿಲ್ಲ. ಮಗುವಿಗೆ ಜಗಿಯಲು, ನುಂಗಲು ಬರುತ್ತಿರಲಿಲ್ಲ. ನೇರವಾಗಿ ಕೂರಿಸಿ, ಅನ್ನ-ಸಾರು ನುಣ್ಣಗೆ ಕಿವಿಚಿ, ಸಣ್ಣ ಚಮಚದಲ್ಲಿ ತುಟಿಯ ನಡುವೆ ಇಡಬೇಕೆಂದು ತೋರಿಸಬೇಕಾದ ಥೆರಪಿಸ್ಟ್ ಇನ್ನೊಂದು ಕಟ್ಟಡದಲ್ಲಿದ್ದರು. ಮೊಟ್ಟೆ ಕೊಡುವ ಅಂಗನವಾಡಿ ಕಾರ್ಯಕರ್ತೆಗೆ ಇದನ್ನು ಯಾರೂ ಹೇಳಲಿಲ್ಲ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ವಿಕಲತೆಯುಳ್ಳ ಮಕ್ಕಳಿಗಾಗಿ ಅಂಗನವಾಡಿ ಕಾರ್ಯವಿಧಾನವೊಂದನ್ನು ಹೊರಡಿಸಿದೆ. ಕಾರ್ಯಕರ್ತೆಯರ ಈಗಿನ ಕೆಲಸದ ಹೊರೆ ಇಳಿಸದೆ ಇದನ್ನು ಅವರ ಹೆಗಲಿಗೆ ಹಾಕಿದರೆ ಇನ್ನೊಂದು ರಿಜಿಸ್ಟರ್ ಹೆಚ್ಚುತ್ತದೆ, ಅಷ್ಟೆ.

ಕಾರ್ಡು ಮೊದಲೋ, ಚಿಕಿತ್ಸೆ ಮೊದಲೋ

ಶೇ 40 ಎಂಬ ಅಂಕಿ ಈ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಕಾಯ್ದೆಯ ಹೆಚ್ಚಿನ ಸೌಲಭ್ಯಗಳು ಅಷ್ಟಾದರೂ ವಿಕಲತೆ ಇದೆಯೆಂಬ ಪ್ರಮಾಣಪತ್ರದಿಂದಲೇ ತೆರೆದುಕೊಳ್ಳುತ್ತವೆ. 2021ರ ಜೂನ್‌ನಿಂದ ಪ್ರಮಾಣಪತ್ರ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತು) ಪೋರ್ಟಲ್ ಮೂಲಕವೇ ಆಗಬೇಕು. ದೇಶದಾದ್ಯಂತ ನಡೆಯುವ ಒಂದೇ ಕಾರ್ಡು ಸಿಗುವುದರಿಂದ ಇದು ಒಳ್ಳೆಯ ಸುಧಾರಣೆ. ಆದರೆ ಬೆಳೆಯುವ ಮಗುವನ್ನು ಶೇಕಡಾವಾರು ಅಳೆಯುವುದು ಸುಲಭವಲ್ಲ. 2018ರಲ್ಲಿ ಪ್ರಕಟವಾದ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. ಕಲಿಕಾ ನ್ಯೂನತೆಗೆ 8 ವರ್ಷ ತುಂಬುವವರೆಗೆ ಪ್ರಮಾಣಪತ್ರವೇ ಇಲ್ಲ. ವೈದ್ಯಕೀಯವಾಗಿ ಇವಕ್ಕೆ ಕಾರಣಗಳಿವೆ. ಅನಾಹುತ ಎಲ್ಲಿದೆಯೆಂದರೆ, ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಮೊದಲ ವರ್ಷಗಳಲ್ಲಿ ಕಾರ್ಡು ಕೈಗೆ ಬಂದಿರುವುದಿಲ್ಲ. ಕಾರ್ಡು ಇಲ್ಲವೆಂದು ಸೇವೆಗಳೂ ಕೈಗೆಟಕುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಥೆರಪಿ, ಸಾಧನ, ಪ್ರಯಾಣದ ನೆರವು ಇವಕ್ಕೆ ವೈದ್ಯರ ಒಂದು ಶಿಫಾರಸು ಸಾಕು, ಶೇಕಡಾ ಲೆಕ್ಕ ಬೇಡ ಎಂದು ರಾಜ್ಯ ಸರ್ಕಾರ ಆದೇಶ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಿಳಿಯದೆ ಕೈತಪ್ಪುವ ಸೌಲಭ್ಯಗಳ ಪಟ್ಟಿ ಉದ್ದವಿದೆ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ವಾರವಾರದ ಥೆರಪಿಗೆ ಅದು ಒದಗದು. ಆ ತೆರವನ್ನು ತುಂಬುವ ‘ನಿರಾಮಯ’ ವಿಮೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಹೊರರೋಗಿ ಚಿಕಿತ್ಸೆ, ಥೆರಪಿಯ ವೆಚ್ಚವೂ ಸಿಗುತ್ತದೆ. ಇನ್ನು ಗಾಲಿಕುರ್ಚಿ. ಶಿಬಿರದಲ್ಲಿ ಕೊಟ್ಟ ಕುರ್ಚಿ ಮಗು ಬೆಳೆದಂತೆ ಚಿಕ್ಕದಾಗುತ್ತದೆ, ಮೂಲೆ ಸೇರುತ್ತದೆ. ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ದೊಡ್ಡವರು ಮತ್ತೆ ಸಾಧನ ಪಡೆಯಲು 3 ವರ್ಷ ಕಾಯಬೇಕಾದರೂ 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ ಸಾಕು. ಈ ನಿಯಮ ಮನೆಯವರಿಗೆ ಗೊತ್ತಿಲ್ಲ. ಹೇಳಬೇಕಾದವರು ಯಾರೆಂದು ಕೇಳಿದರೆ ಮತ್ತೆ ಅದೇ ಉತ್ತರ, ಯಾರೂ ಇಲ್ಲ.

ಶಾಲೆಯ ಗೇಟಿನೊಳಗೆ

6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಶೇ 40 ಮತ್ತು ಅದಕ್ಕಿಂತ ಹೆಚ್ಚು ವಿಕಲತೆಯುಳ್ಳ ಮಗುವಿನ ಹಕ್ಕೆಂದು 2016ರ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಕಾನೂನು ಗಟ್ಟಿಯಾಗಿದೆ. ವಿಶೇಷ ಶಿಕ್ಷಕರ ಪ್ರಮಾಣವನ್ನೂ ಸುಪ್ರೀಂ ಕೋರ್ಟ್ 2021ರಲ್ಲಿ ನಿಗದಿ ಮಾಡಿತು: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೊಬ್ಬರು. ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಹಾಸಿಗೆ ಬಿಟ್ಟೇಳಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ಒಬ್ಬರ ಮೇಲೆ ಇಡೀ ತಾಲ್ಲೂಕಿನ ಶಾಲೆಗಳ ಭಾರ ಬಿದ್ದಾಗ ಒಂದು ಮಗುವಿನ ಸರದಿ ಎಷ್ಟು ದಿನಕ್ಕೊಮ್ಮೆ ಬಂದೀತು ಎಂಬುದನ್ನು ಓದುಗರೇ ಊಹಿಸಬಹುದು.

ಶಾಲೆಗೂ ಆಸ್ಪತ್ರೆಗೂ ಮಾತುಕತೆ ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಫಿಟ್ಸ್ ಬರುವ ಮಕ್ಕಳ ಮಾತನ್ನೇ ನೋಡಿ. ಹೆಡ್‌ಮಾಸ್ಟರು ಆ ಮಗುವನ್ನು ಮನೆಗೆ ಕಳಿಸುವುದು ಕೆಟ್ಟ ಮನಸ್ಸಿನಿಂದಲ್ಲ, ಭಯದಿಂದ. ತರಗತಿಯಲ್ಲಿ ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಈಗಲೂ ನಡೆದಿದೆ. ಆಗಬೇಕಾದದ್ದು ಮೂರೇ: ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಗಡಿಯಾರ ನೋಡುವುದು. 5 ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮೂಗಿನ ಸ್ಪ್ರೇ ಹಾಕಿ 108ಕ್ಕೆ ಕರೆ ಮಾಡುವುದು. ಇಷ್ಟನ್ನು ವೈದ್ಯರು ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಶಾಲೆಗೆ ಕಳಿಸಿದರೆ ಆ ಮಗುವಿನ ಓದು ಉಳಿಯುತ್ತದೆ. ಆರ್‌ಬಿಎಸ್‌ಕೆ ತಂಡ ವರ್ಷಕ್ಕೊಮ್ಮೆ ಅದೇ ಶಾಲೆಗೆ ಹೋಗುತ್ತದಲ್ಲ, ಆ ಹಾಳೆಯನ್ನು ಅವರ ಕೈಯಲ್ಲೇ ಕಳಿಸಬಹುದು. ಖರ್ಚು ಏನೂ ಇಲ್ಲ.

ಕೊಕ್ಕಡದ ಪಾಠ

ರಾಜ್ಯವೇ ಹೊಣೆ ಹೊತ್ತು ಸೇವೆಗಳನ್ನು ಒಂದು ಕಡೆ ತಂದ ಪ್ರಸಂಗ ಒಂದಿದೆ, ನೋವಿನದು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಬೆಳ್ತಂಗಡಿ, ಪುತ್ತೂರು ಕಡೆಯ ಕೊಕ್ಕಡ, ಪಟ್ರಮೆ ಮುಂತಾದ ಊರುಗಳಲ್ಲಿ ತೀವ್ರ ವಿಕಲತೆಯ ಮಕ್ಕಳಿರುವ ಮನೆಗಳು ಬೆಳಕಿಗೆ ಬಂದವು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಕತೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಸಂತ್ರಸ್ತರ ವರ್ಷಗಳ ಹೋರಾಟ, ಪತ್ರಿಕೆಗಳ ವರದಿ, ಹೈಕೋರ್ಟಿನ ಒತ್ತಡ ಇವೆಲ್ಲದರ ಫಲವಾಗಿ ಸಮೀಕ್ಷೆ ನಡೆಯಿತು, ಪ್ರತ್ಯೇಕ ಗುರುತಿನ ಚೀಟಿ, ಮಾಸಾಶನ, ಬಸ್ ಪಾಸ್, ಉಚಿತ ಚಿಕಿತ್ಸೆ ಬಂದವು. ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಬೆಳಗ್ಗೆ ವಾಹನ ಬಂದು ಮಗುವನ್ನು ಕರೆದೊಯ್ದರೆ ಸಂಜೆಯವರೆಗೆ ತಾಯಿಗೆ ಬೀಡಿ ಕಟ್ಟಲು, ಅಡಿಕೆ ಸುಲಿಯಲು, ಇಲ್ಲವೇ ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡಲು ಬಿಡುವು ಸಿಗುತ್ತದೆ.

ಇಲ್ಲಿ ಕೊರತೆಗಳು ಮುಗಿದಿಲ್ಲ. ಕೇಂದ್ರ ದೂರವಾದ ಮನೆಗಳಿವೆ, ಎತ್ತಿ ವಾಹನಕ್ಕೆ ಹಾಕಲೂ ಆಗದಷ್ಟು ತೀವ್ರ ಸ್ಥಿತಿಯವರಿದ್ದಾರೆ. ಅಂದಿನ ಮಕ್ಕಳು ಈಗ ದೊಡ್ಡವರು, ಹೆತ್ತವರು ಮುದುಕರು. ನಮ್ಮ ಕಾಲಾನಂತರ ಇವರ ಗತಿಯೇನು ಎಂಬ ಪ್ರಶ್ನೆಗೆ ಶಾಶ್ವತ ಪಾಲನಾ ಕೇಂದ್ರ ಬೇಕೆಂಬ ಬೇಡಿಕೆ ಹಳೆಯದು. ಆದರೂ ಒಂದು ಮಾತು ಸ್ಥಾಪಿತವಾಗಿದೆ. ಒಂದೇ ಪಟ್ಟಿ, ಜಿಲ್ಲಾಡಳಿತದ ಹೊಣೆ, ಮನೆಬಾಗಿಲಿನ ವಾಹನ, ಹೆತ್ತವರಿಗೆ ಬಿಡುವು ಇವೆಲ್ಲ ಸರ್ಕಾರಕ್ಕೆ ಸಾಧ್ಯ. ಹಾಗಿದ್ದರೆ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಅಷ್ಟೇ ತೀವ್ರ ವಿಕಲತೆಯಿಂದ ಹುಟ್ಟಿದ ಮಗುವಿಗೆ ಇದು ಏಕಿಲ್ಲ? ವಿಕಲತೆಯ ಕಾರಣ ಯಾವುದಾದರೇನು, ಮಗುವಿನ ಅಗತ್ಯ ಒಂದೇ.

ನೆರೆಯವರು, ದೂರದವರು

ಕೇರಳದಲ್ಲಿ 2004ರಿಂದ ಬೆಳೆದ ‘ಬಡ್ಸ್’ ಶಾಲೆಗಳನ್ನು ನಡೆಸುವುದು ಸ್ಥಳೀಯ ಸಂಸ್ಥೆಗಳು, ಅಲ್ಲಿನ ಮಹಿಳಾ ಸ್ವಸಹಾಯ ಜಾಲ ಕುಟುಂಬಶ್ರೀಯ ಜೊತೆಗೂಡಿ. ಬೌದ್ಧಿಕ ವಿಕಲತೆಯುಳ್ಳವರಿಗೆ ಊರಲ್ಲೇ ಕಲಿಕೆ, ಥೆರಪಿ, ಹಗಲು ಪಾಲನೆ. ತಮಿಳುನಾಡಿನ ಆಯಿಕುಡಿಯಲ್ಲಿ ಎಸ್. ರಾಮಕೃಷ್ಣನ್ 1981ರಲ್ಲಿ ಕಟ್ಟಿದ ಅಮರ್ ಸೇವಾ ಸಂಗಮದ ಕಾರ್ಯಕರ್ತೆಯರು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋಗಿ ಸಣ್ಣ ಮಕ್ಕಳಿಗೆ ಥೆರಪಿ ಮಾಡಿಸುತ್ತಾರೆ, ತಜ್ಞರು ಹಿಂದಿನಿಂದ ಮಾರ್ಗದರ್ಶನ ಮಾಡುತ್ತಾರೆ. ಅದೇ ರಾಜ್ಯ ಈಗ ವಿಶ್ವಬ್ಯಾಂಕ್ ನೆರವಿನಿಂದ ‘ವಿಳುದುಗಳ್’ ಎಂಬ ಏಕಗವಾಕ್ಷಿ ಕೇಂದ್ರಗಳನ್ನು ತೆರೆಯುತ್ತಿದೆ. ನಮ್ಮಲ್ಲೂ 1959ರಲ್ಲಿ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಸ್ಥಾಪಿಸಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಸ್ಪಾಸ್ಟಿಕ್ಸ್ ಸೊಸೈಟಿ, ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ದಶಕಗಳಿಂದ ಸಮುದಾಯದ ನಡುವೆ ದುಡಿಯುತ್ತಿವೆ. ಅನುಭವಕ್ಕೆ ಕೊರತೆಯಿಲ್ಲ, ಅದು ಸರ್ಕಾರದ ನಿತ್ಯದ ಕೆಲಸವಾಗಿ ಬೇರೂರಿಲ್ಲ.

ಅಮೆರಿಕ 1986ರಲ್ಲೇ ಒಂದು ಕಾನೂನು ಮಾಡಿತು. ಮೂರು ವರ್ಷದೊಳಗಿನ ಮಗುವಿಗೆ ತೊಂದರೆ ಕಂಡರೆ ಕುಟುಂಬದ ಜೊತೆ ಕೂತು ಲಿಖಿತ ಯೋಜನೆ ಮಾಡಬೇಕು, ಅದಕ್ಕೆ 45 ದಿನಗಳ ಗಡುವು, ಅದರಲ್ಲಿ ಸೇವೆಗಳನ್ನು ಹೊಂದಿಸುವ ಒಬ್ಬ ವ್ಯಕ್ತಿಯ ಹೆಸರು ಇರಲೇಬೇಕು. ಇಂಗ್ಲೆಂಡ್ 2014ರ ಕಾಯ್ದೆಯಲ್ಲಿ ಹುಟ್ಟಿನಿಂದ 25 ವರ್ಷದವರೆಗೆ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಒಂದೇ ಯೋಜನೆಯೊಳಗೆ ತಂದಿತು. ಅಲ್ಲಿನ ಅನುಭವ ನಮಗೆ ಎಚ್ಚರಿಕೆಯೂ ಹೌದು. 20 ವಾರದೊಳಗೆ ಯೋಜನೆ ಸಿದ್ಧವಾಗಬೇಕೆಂಬ ನಿಯಮವಿದ್ದರೂ ಈಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಗಡುವಿನೊಳಗೆ ಮುಗಿಯುತ್ತಿವೆ. ಥೆರಪಿಸ್ಟ್, ಶಿಕ್ಷಕರು ಇಲ್ಲದಿದ್ದರೆ ಯೋಜನೆಯ ಹಾಳೆ ಹಾಳೆಯಾಗಿಯೇ ಉಳಿಯುತ್ತದೆ. ಆ ದೇಶಗಳ ಕಾಗದಪತ್ರಗಳನ್ನು ನಾವು ನಕಲು ಮಾಡಬೇಕಿಲ್ಲ. ಹೊಣೆಗಾರನ ಹೆಸರು ಬರೆಯುವ ಪದ್ಧತಿಯೊಂದನ್ನು ತೆಗೆದುಕೊಂಡರೆ ಸಾಕು.

ಯಾರ ಹೆಸರು ಬರೆಯೋಣ?

ಹೊಸ ಹುದ್ದೆ ಸೃಷ್ಟಿಸದೆಯೂ ಕರ್ನಾಟಕದಲ್ಲಿ ಇದಕ್ಕೆ ಜನ ಇದ್ದಾರೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಊರವರ ಬಾಯಲ್ಲಿ ಇವರು ವಿಆರ್‌ಡಬ್ಲ್ಯು, ಯುಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಗ್ರಾಮೀಣ ಕಾರ್ಯಕರ್ತರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ಕಚೇರಿಯ ಮೆಟ್ಟಿಲು ಹತ್ತುವುದೆಂದರೇನು, ಕ್ಯೂನಲ್ಲಿ ನಿಲ್ಲುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇವರನ್ನು ಇಂದು ಅಲ್ಪ ಗೌರವಧನಕ್ಕೆ ಅರ್ಜಿ ತುಂಬಿಸಲು, ಸಮೀಕ್ಷೆಗೆ, ಪಂಚಾಯಿತಿಯ ಬಿಡಿ ಕೆಲಸಗಳಿಗೆ ದುಡಿಸಿಕೊಳ್ಳಲಾಗುತ್ತಿದೆ. ಇವರಿಗೆ ಮಕ್ಕಳ ಬೆಳವಣಿಗೆಯ ತರಬೇತಿ ಕೊಟ್ಟು, ಬದುಕಲು ಸಾಲುವ ಸಂಬಳ ಕೊಟ್ಟು, ತಮ್ಮ ವ್ಯಾಪ್ತಿಯ ಪ್ರತಿಯೊಂದು ಮಗುವಿನ ಕಡತದ ಹೊಣೆ ಒಪ್ಪಿಸಬೇಕು. ಬರಿಯ ಹೊಣೆ ಸಾಲದು, ಅಧಿಕಾರವೂ ಬೇಕು. ಜಿಲ್ಲಾ ಕೇಂದ್ರದಲ್ಲಿ ತಜ್ಞರ ದಿನ ಗೊತ್ತುಪಡಿಸುವ, ಬಿಇಒ ಕಚೇರಿಯಿಂದ ಉತ್ತರ ಕೇಳುವ, ಒಂದೇ ಪ್ರಯಾಣದಲ್ಲಿ ತಪಾಸಣೆ, ಥೆರಪಿ, ಪ್ರಮಾಣಪತ್ರ ಮೂರೂ ಮುಗಿಯುವಂತೆ ದಿನ ಹೊಂದಿಸುವ ಅಧಿಕಾರ. ಸೆರೆಬ್ರಲ್ ಪಾಲ್ಸಿಯ ಮಗುವನ್ನು ಹೆಗಲ ಮೇಲೆ ಹೊತ್ತು ಮೂರು ವಾರ ಮೂರು ಸಲ ಬರುವುದಕ್ಕೂ ಒಂದು ದಿನ ಬಂದು ಹೋಗುವುದಕ್ಕೂ ಇರುವ ಅಂತರ ಆ ಮನೆಗೆ ಗೊತ್ತು.

ಕಡತ ಕಣ್ಮರೆಯಾಗುವ ಅಪಾಯ ಎರಡು ವಯಸ್ಸಿನಲ್ಲಿ ಹೆಚ್ಚು. ಆರಕ್ಕೆ ಮಗು ಅಂಗನವಾಡಿಯಿಂದ ಶಾಲೆಗೆ ಹೋಗುತ್ತದೆ, ಇಲಾಖೆಯೇ ಬದಲಾಗುತ್ತದೆ. ಹದಿನೆಂಟಕ್ಕೆ ಮಕ್ಕಳ ಡಾಕ್ಟರು, ಆರ್‌ಬಿಎಸ್‌ಕೆ, ಶಾಲೆ ಮೂರೂ ಒಂದೇ ಸಲ ಕೈಬಿಡುತ್ತವೆ. ಬೌದ್ಧಿಕ ವಿಕಲತೆ ಇದ್ದರೆ ಆಗಲೇ ಕಾನೂನುಬದ್ಧ ಪಾಲಕರ ನೇಮಕಕ್ಕೆ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಹದಿನಾರಕ್ಕೇ ಇದನ್ನು ಹೇಳಿ ತಯಾರಿ ಮಾಡಿಸುವವರಿದ್ದರೆ ತಂದೆತಾಯಿ ಕಂಗಾಲಾಗುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ, ನಗರವಾದರೆ ವಾರ್ಡ್ ಸಮಿತಿಯಲ್ಲಿ, ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ವ್ಯಾಪ್ತಿಯಲ್ಲಿ ವಿಕಲತೆಯುಳ್ಳ ಮಕ್ಕಳು ಎಷ್ಟು? ಕಳೆದ ವರ್ಷದ ಶೇ 5ರ ಹಣದಲ್ಲಿ ಆ ಮಕ್ಕಳಿಗೆ ಏನು ಮಾಡಿದಿರಿ? ಪ್ರತಿ ಮಗುವಿನ ಹೆಸರಿನ ಎದುರು ಹೊಣೆಗಾರರೊಬ್ಬರ ಹೆಸರು, ಫೋನ್ ನಂಬರು ಬರೆದಿದ್ದೀರಾ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಪಿಡಿಒ ಅವರನ್ನು ಒತ್ತಾಯಿಸಿ. ಉತ್ತರ ಬಾರದಿದ್ದರೆ ಮುಂದಿನ ಸಭೆಯಲ್ಲೂ ಕೇಳಿ.